ಕಮಲಾಪುರದ ಜೋಳಿಗೆಗಳು ಮತ್ತು ಒಂದು ಇಂಗ್ಲಿಷ್ ಶಬ್ದ

ಹೈದರಾಬಾದ ಸಂಸ್ಥಾನದ ಕನ್ನಡ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಮಾತು ಬಂದಾಗ, ಆ ಮಾತನ್ನು ಸಭೆಗಳಲ್ಲಿ ಆಡಿ ಹೆಸರಾದವರು ಹಲವರು ನೆನಪಾಗುತ್ತಾರೆ. ಆ ಕೆಲಸವನ್ನು ದಿನದಿನವೂ ಮಾಡಿ ದಣಿದವರು ಕೆಲವರೇ. ಈ ಎರಡನೆಯ ಸಾಲಿನಲ್ಲಿ ಮುಂದೆ ನಿಲ್ಲಬೇಕಾದವರು, ಕಲಬುರಗಿ ಕೋಟೆಯ ಹಿಂಬದಿಯ ಹೆಣ್ಣುಮಕ್ಕಳ ಶಾಲೆಯಿಂದ ಈ ವರ್ಷ ನಿವೃತ್ತರಾದ ಪೂಜ್ಯ ಸೂಗಮ್ಮನವರು. ಶಿಕ್ಷಕಿಯರನ್ನು ಉಸ್ತಾನಿ ಎಂದೇ ಕರೆಯುವ ನಮ್ಮ ಸೀಮೆಯಲ್ಲಿ ಅವರು ಎಲ್ಲರಿಗೂ ಸೂಗಮ್ಮ ಉಸ್ತಾನಿ. ಕಮಲಾಪುರದವರಿಗೆ ಮಾತ್ರ ಇಂದಿಗೂ ಬರೀ ‘ಬಾಯೀರು’. ಉರ್ದು, ಕನ್ನಡ, ಇಂಗ್ಲಿಷ್ ಮೂರನ್ನೂ ಒಂದೇ ಬಿಗಿದ ಮುಖದಿಂದ ಕಲಿಸಿದ ಅವರು ನಕ್ಕದ್ದನ್ನು ಕಂಡವರು ಕಡಿಮೆ. ಅವರು ನಗಲು ಹೋಗಿ ಒಂದು ಶಾಲೆಯೇ ಮುಚ್ಚುವ ಹಂತಕ್ಕೆ ಬಂದದ್ದನ್ನು ಬಲ್ಲವರು ಇನ್ನೂ ಕಡಿಮೆ. ಇದನ್ನು ಬರೆಯುತ್ತಿರುವ ಜಯದೇವಿ ಕಮಲಾಪುರದ ಆ ಶಾಲೆಯ ಹಿಂದಿನ ಸಾಲಿನಲ್ಲಿ ಕೆಲವು ವರ್ಷ ಕೂತು, ಮದುವೆಯ ಕಾರಣ ಬೇಗನೆ ಎದ್ದುಹೋದವಳು. ಅವಳು ಕಣ್ಣಾರೆ ಕಾಣದ ಭಾಗವನ್ನು, ಸೂಗಮ್ಮನವರ ಬಹುಕಾಲದ ಸಹೋದ್ಯೋಗಿ ನೂರಜಹಾನ್ ಬೇಗಂ ಅವರು ಹೇಳಿದಂತೆಯೇ ಇಲ್ಲಿ ಇಟ್ಟಿದೆ.

ಸೂಗಮ್ಮನವರು ಕಲಬುರಗಿಯ ಒಂದು ವ್ಯಾಪಾರಸ್ಥ ಮನೆತನದಲ್ಲಿ ಹುಟ್ಟಿ, ಕೊಟ್ಟ ಮನೆಯ ಬಾಗಿಲು ಸರಿಯಾಗಿ ನೋಡುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ಅಣ್ಣನ ಸಂಸಾರದಲ್ಲಿ ಬೇಳೆ ಆರಿಸುತ್ತ ಮುಗಿಯಬೇಕಾಗಿದ್ದ ಬಾಳನ್ನು, ಅದೇ ಅಣ್ಣ ಮನಸ್ಸು ಮಾಡಿ ಹೈದರಾಬಾದಿನ ತರಬೇತಿ ಶಾಲೆಗೆ ಕಳಿಸಿ ಬೇರೆ ದಾರಿಗೆ ಹಚ್ಚಿದರು. ಅಲ್ಲಿಂದ ಬಂದು ಕೋಟೆಯ ಹಿಂದಿನ ಶಾಲೆಯಲ್ಲಿ ಹಂಗಾಮಿಯಾಗಿ ಸೇರಿದರು. ವರ್ಷಗಳು ಉರುಳಿದವು, ಹಂಗಾಮಿ ಹಂಗಾಮಿಯಾಗಿಯೇ ಉಳಿಯಿತು. ಅವರಿಗಿಂತ ತಡವಾಗಿ ಬಂದ ನೂರಜಹಾನ್ ಬೇಗಂ ಕಾಯಂ ಆದರು, ಮುಂದೆ ಅಲ್ಲಿಯೇ ಮುಖ್ಯೋಪಾಧ್ಯಾಯಿನಿಯೂ ಆದರು. ನೂರಜಹಾನ್ ಅವರು ತರಗತಿಗೆ ಕಾಲಿಟ್ಟರೆ ಮಕ್ಕಳು ಹೆಗಲಿಗೇ ಜೋತುಬೀಳುತ್ತಿದ್ದರು. ಸೂಗಮ್ಮನವರು ಕಾಲಿಟ್ಟರೆ ನೆಟ್ಟಗೆ ಕೂಡುತ್ತಿದ್ದರು. ಇಬ್ಬರ ನಡುವೆ ಹೊಟ್ಟೆಕಿಚ್ಚು ಬೆಳೆಯಲು ಇದಕ್ಕಿಂತ ಒಳ್ಳೆಯ ನೆಲ ಬೇಕಿರಲಿಲ್ಲ. ಬೆಳೆದದ್ದು ಮಾತ್ರ ಸ್ನೇಹ. ಯಾಕೆಂದು ಕೇಳಿದರೆ ಸೂಗಮ್ಮನವರು, “ಹೊಟ್ಟಿಕಿಚ್ಚಿಗೂ ತಾಕತ್ತು ಬೇಕಲ್ಲ. ಸಂಜಿಗಿ ಮನಿಗಿ ಹೋಗಾಗ ನನ್ನ ಕಡಿ ಅದು ಉಳೀತಿರ್ಲಿಲ್ಲ” ಎನ್ನುತ್ತಾರೆ.

ಫಸಲಿ ೧೩೩೦ರ, ಅಂದರೆ ಇಸವಿ ೧೯೨೦ರ ಸುಮಾರಿಗೆ ಕಮಲಾಪುರದಲ್ಲಿ ಹೊಸದಾಗಿ ತೆರೆದ ಹೆಣ್ಣುಮಕ್ಕಳ ಶಾಲೆಗೆ ಅವರನ್ನು ಕಳಿಸಿದರು. ಶಾಲೆಯೆಂದರೆ ಜಗದೇವಪ್ಪ ಸಾಹುಕಾರರು ಬಿಟ್ಟುಕೊಟ್ಟ ಒಂದು ಉದ್ದನೆಯ ಕೋಣೆ, ಹಿಂದೆ ಬಾಳೆಗೊನೆ ಮಾಗಲು ಇಡುತ್ತಿದ್ದುದು. ನಮ್ಮೂರ ಕೆಂಬಾಳೆಯ ಸಿಹಿ ವಾಸನೆ ಗೋಡೆಗೆ ಹತ್ತಿಕೊಂಡಿದ್ದರಿಂದ ಇರುವೆಗಳೇ ಮೊದಲು ಸೇರಿದ ವಿದ್ಯಾರ್ಥಿಗಳು. ಹುಡುಗಿಯರು ಬೆರಳೆಣಿಕೆಯಷ್ಟು. ಬಂದವರೂ ಇಂದು ಬಂದರೆ ನಾಳೆ ಇಲ್ಲ.

ಆ ಮೊದಲ ವರ್ಷವೇ ಹೆಣ್ಣುಮಕ್ಕಳ ಶಾಲೆಗಳ ತನಿಖೆಗೆ ಬರುತ್ತಿದ್ದ ಇಂಗ್ಲಿಷ್ ಮೇಮ್‌ಸಾಹೇಬರು ಬಂದರು. ಪಾಠ ಕೇಳಿದರು, ಖಾಲಿ ಚಾಪೆಗಳನ್ನು ನೋಡಿದರು, ಕೊನೆಗೆ ಸೂಗಮ್ಮನವರನ್ನು ಬಾಗಿಲ ಬಳಿ ಕರೆದು ಮೆಲ್ಲನೆ ಹೇಳಿದರು: ನೀವು ಕಲಿಸುವುದರಲ್ಲಿ ತಪ್ಪಿಲ್ಲ, ಆದರೆ ಸಣ್ಣ ಮಕ್ಕಳಿಗೆ ‘ವಿನ್‌ಸಮ್’ ಆದವರು ಬೇಕು, ಮುಂದಿನ ಸಲ ಬರುವಾಗ ಕೋಣೆ ತುಂಬಿರದಿದ್ದರೆ ಈ ಶಾಲೆಯನ್ನು ಮುಚ್ಚುವಂತೆ ಬರೆಯಬೇಕಾಗುತ್ತದೆ. ಶಾಲೆ ಮುಚ್ಚಿದರೆ ಹಂಗಾಮಿಯವರಿಗೆ ಬೇರೆ ಜಾಗವಿಲ್ಲವೆಂಬುದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಣ್ಣ ತೀರಿಕೊಂಡಿದ್ದರು, ಅತ್ತಿಗೆಯ ಮನೆಯ ಬೇಳೆ ಇನ್ನೂ ಆರಿಸದೆ ಕಾದಿತ್ತು.

ಮುಂದಿನ ಬಿಡುವಿಗೆ ಸೂಗಮ್ಮನವರು ಚಕ್ಕಡಿಯಲ್ಲಿ ಮೈ ನುಗ್ಗು ಮಾಡಿಕೊಂಡು ಕಲಬುರಗಿಗೆ ಬಂದು, ನೂರಜಹಾನ್ ಅವರ ಮನೆಯ ಪಡಸಾಲೆಯಲ್ಲಿ ಕೂತರು. ಆ ಮನೆಯಲ್ಲಿ ದಪ್ಪನೆಯ ಇಂಗ್ಲಿಷ್ ನಿಘಂಟೊಂದಿತ್ತು. ಅರ್ಧ ದಖ್ಖನಿಯಲ್ಲಿ ಅರ್ಧ ಕನ್ನಡದಲ್ಲಿ ನಡೆದ ಅಂದಿನ ಮಾತನ್ನು ನೂರಜಹಾನ್ ಬೇಗಂ ಈಗಲೂ ಇಬ್ಬರ ದನಿಯಲ್ಲೂ ಆಡಿ ತೋರಿಸುತ್ತಾರೆ.

“ಒಂದು ಶಬ್ದ ಕೇಳಿದ್ರ ಒಂದು ಹಿಂಡು ಬಂದದಲ್ಲ” ಎಂದರಂತೆ ಸೂಗಮ್ಮನವರು, ಕನ್ನಡಕ ಸರಿಸಿ. “ಚಾರ್ಮಿಂಗ್ ಅಂತದ, ಎಂಗೇಜಿಂಗ್ ಅಂತದ. ಎಲ್ಲಾ ಒಂದೇ ಏನು?”

“ಒಂದೇ ಇದ್ರ ಅಷ್ಟ್ಯಾಕ ಇಡ್ತಿದ್ರು? ಚಾರ್ಮಿಂಗ್ ಅಂದ್ರ ಮೋಡಿ. ಉರುಸಿನ್ಯಾಗ ಹಾಡೋರಿಗಿರ್ಲಿ ಅದು. ಎಂಗೇಜಿಂಗ್ ಅಂದ್ರ ಮಾತಿನ್ಯಾಗ ಹಿಡಿದು ಕೂಡಿಸ್ಕೊಳ್ಳೋರು. ನಮ್ಮ ಬಳಿಗಾರ ಚಾಂದಪಾಶಾ.”

“ಅಟ್ರ್ಯಾಕ್ಟಿವ್?”

“ಅದು ಅಂಗಡ್ಯಾಗ ಹೊರಗ ತೂಗು ಹಾಕಿರ್ತಾರ ನೋಡು, ಆ ಸೀರಿಗಿ.”

“ಪ್ಲೀಸಿಂಗ್?”

“ಸೊಸಿಗಿ. ಅದೂ ಮೊದಲನೇ ವರ್ಷ.”

“ಮತ್ತ ಇದು? ಮೇಮ್‌ಸಾಹೇಬರು ನನಗ ಹೇಳಿದ್ದು?”

ನೂರಜಹಾನ್ ಬೆರಳಿಟ್ಟು ಓದಿದರು. ನಿಘಂಟಿನಲ್ಲಿದ್ದ ಉದಾಹರಣೆಗಳಲ್ಲಿ ಒಂದು ಮಗುವಿನದು, ಇನ್ನೊಂದು ಮುಗುಳ್ನಗೆಯದು. “ಇದು ಎಲ್ಲಕ್ಕಿಂತ ಮೆತ್ತಗದ. ಮೋಡಿ ಇಲ್ಲ, ಮಾತಿಲ್ಲ. ಕಂಡ ಕೂಡ್ಲೇ ಎತ್ಕೋಬೇಕು ಅನಸ್ತದಲ್ಲ, ಅದು.”

“ಈ ವಯಸ್ಸಿನ್ಯಾಗ ನನ್ನ ಯಾರು ಎತ್ಕೋತಾರ, ನೂರಜಹಾನ್?”

“ನಾಕು ಮಂದಿ ಬೇಕಾಗ್ತದ. ಆಗ ನೀ ನೋಡ್ಲಾಕ ಇರಂಗಿಲ್ಲ.”

ಸೂಗಮ್ಮನವರು ಅದಕ್ಕೂ ನಗಲಿಲ್ಲ. “ತಹಸೀಲದಾರ ಸಾಹೇಬರಿಗೆ ಯಾರರ ಈ ಶಬ್ದ ಹೇಳ್ತಾರೇನು?” ಎಂದು ಕೇಳಿದರು.

“ಹೇಳಿ ನೋಡು. ಶಾಲಿಗಿಂತ ಮೊದ್ಲು ನಿನ್ನ ಮುಚ್ತಾರ.”

“ಹಂಗಾದ್ರ ಇದು ಕೂಸಿಗಿ ಹೇಳೋ ಮಾತು, ಹೆಣ್ಣಿಗಿ ಹೇಳೋ ಮಾತು. ಆತು ಬಿಡು. ನಿನಗ ಇದು ಸುಮ್ನ ಬರ್ತದ. ಹೆಂಗ ಮಾಡ್ತಿ, ನನಗ ಕಲಸು.”

“ಮಾಡಂಗಿಲ್ಲ ಸೂಗಿ. ಮಾಡ್ಲಾಕ ಹೋದ್ರ ಬರಂಗಿಲ್ಲ.”

ಆ ಒಂದು ಮಾತನ್ನು ಸೂಗಮ್ಮನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಲಿಪಿ ಬಾರದ ಉರ್ದುವನ್ನು ಬಲಗಡೆಯಿಂದ ಬರೆದು ಬರೆದು ಕಲಿತವರು, ಯಾರೂ ಮಾತನಾಡದ ಇಂಗ್ಲಿಷನ್ನು ಗೋಡೆಗೆ ಹೇಳಿ ಹೇಳಿ ಕಲಿತವರು, ಅಭ್ಯಾಸದಿಂದ ಬಾರದ್ದು ಜಗತ್ತಿನಲ್ಲಿ ಒಂದಿದೆಯೆಂದು ಹೇಗೆ ನಂಬಿಯಾರು?

ಕಮಲಾಪುರಕ್ಕೆ ಮರಳಿದ ಮೇಲೆ ಅವರು ಎರಡು ಕೆಲಸಗಳನ್ನು ಒಟ್ಟಿಗೇ ಹಿಡಿದರು. ಒಂದು ನಗುವುದು. ಶಾಲೆಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದ ಜಯದೇವಿ, ಬಾಯೀರು ನೀರಿನ ತಂಬಿಗೆಯನ್ನು ಮುಖದ ಮುಂದೆ ಹಿಡಿದು ತುಟಿಯನ್ನು ಅತ್ತಿತ್ತ ಎಳೆಯುವುದನ್ನು ಬಾಗಿಲ ಸಂದಿಯಿಂದ ಕಂಡು, ಯಾರಿಗೂ ಹೇಳದೆ ಸುಮ್ಮನಿದ್ದಳು. ಆ ನಗೆಯನ್ನು ಹೊತ್ತುಕೊಂಡು ಅವರು ಓಣಿಗೆ ಇಳಿದ ದಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಯೀರ ದವಡೆ ಹಲ್ಲು ನೋಯುತ್ತಿದೆಯೆಂದು ತೀರ್ಮಾನವಾಯಿತು. ಸಂಜೆಯೊಳಗೆ ಮೂರು ಮನೆಗಳಿಂದ ಲವಂಗ ಬಂತು. ಅವರು ಎಲ್ಲವನ್ನೂ ಸೆರಗಿನ ತುದಿಗೆ ಕಟ್ಟಿಕೊಂಡು, ಮರುದಿನ ಇನ್ನಷ್ಟು ಅಗಲವಾಗಿ ನಕ್ಕರು.

ಎರಡನೆಯ ಕೆಲಸವನ್ನು ಅವರು ಕೆಲಸವೆಂದೇ ಎಣಿಸಿರಲಿಲ್ಲ. ಹುಡುಗಿಯರು ಯಾಕೆ ಬರುವುದಿಲ್ಲವೆಂದು ಮನೆ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತು ನೋಡಿದರು. ಕೇಳಲಿಲ್ಲ, ನೋಡಿದರು. ಎಲ್ಲ ಮನೆಯಲ್ಲೂ ಕಂಡದ್ದು ಒಂದೇ: ತಾಯಿ ಹೊಲಕ್ಕೋ ತೋಟಕ್ಕೋ ಹೋಗಿರುತ್ತಾಳೆ, ಹುಡುಗಿಯ ಸೊಂಟದ ಮೇಲೆ ತಮ್ಮನೋ ತಂಗಿಯೋ ಇರುತ್ತದೆ. ಮರುವಾರ ಸೂಗಮ್ಮನವರು ತಮ್ಮ ಹಳೆಯ ಇಳಕಲ್ ಸೀರೆಗಳನ್ನು ಹರಿದು, ಒಂದು ಕಾಲಕ್ಕೆ ಬಾಳೆಗೊನೆ ತೂಗುತ್ತಿದ್ದ ತೊಲೆಗೆ ಕೂಸು ತೂಗುವ ಜೋಳಿಗೆಗಳನ್ನು ಕಟ್ಟಿದರು. “ಕೂಸಿನ್ನೂ ಕರಕೊಂಡು ಬಾ” ಎಂದರು ಹುಡುಗಿಯರಿಗೆ. ಅಷ್ಟೇ. ಕೋಣೆ ತುಂಬಿತು. ಹುಡುಗಿಯರು ಒಂದು ಕೈಯಲ್ಲಿ ಪಾಟಿ, ಇನ್ನೊಂದರಲ್ಲಿ ಜೋಳಿಗೆಯ ಹಗ್ಗ ಹಿಡಿದು ಮಗ್ಗಿ ಹೇಳತೊಡಗಿದರು. ‘ಎರಡೊಂದ್ಲೆ ಎರಡು’ ಎನ್ನುವಾಗ ಜೋಳಿಗೆ ಅತ್ತ ಹೋದರೆ ‘ಎರಡೆರಡ್ಲೆ ನಾಕು’ ಎನ್ನುವಾಗ ಇತ್ತ ಬರುತ್ತಿತ್ತು. ಐದರ ಮಗ್ಗಿ ಮುಗಿಯುವುದರೊಳಗೆ ಕೂಸುಗಳೆಲ್ಲ ನಿದ್ದೆ ಹೋಗಿರುತ್ತಿದ್ದವು. ಓದಿಗೆ ಆಮೇಲೆ ಸಿಗುತ್ತಿದ್ದ ಆ ಮೌನ ಪಟ್ಟಣದ ಯಾವ ಶಾಲೆಯಲ್ಲೂ ಸಿಗುತ್ತಿರಲಿಲ್ಲ.

ಮೇಮ್‌ಸಾಹೇಬರು ಮತ್ತೆ ಬರುತ್ತಾರೆಂದು ಸುದ್ದಿ ಬಂದಾಗ ಸೂಗಮ್ಮನವರು ಮಾಡಿದ ತಪ್ಪನ್ನು ಅವರಷ್ಟು ನಿಯಮಕ್ಕೆ ಅಂಜುವವರು ಮಾತ್ರ ಮಾಡಬಲ್ಲರು. ವಯಸ್ಸು ತುಂಬದ ಮಕ್ಕಳು ತರಗತಿಯಲ್ಲಿರಬಾರದೆಂದು ಇಲಾಖೆಯ ಕಾನೂನು. ಹಾಗಾಗಿ ಹಿಂದಿನ ದಿನವೇ ಜೋಳಿಗೆಗಳನ್ನು ಬಿಚ್ಚಿ ಮಡಚಿಟ್ಟರು. ನಾಳೆ ಒಂದು ದಿನ ಕೂಸುಗಳನ್ನು ಮನೆಯಲ್ಲಿ ಬಿಟ್ಟು ಬನ್ನಿ ಎಂದು ಹುಡುಗಿಯರಿಗೆ ಹೇಳಿದರು. ಕೋಣೆ ಸಾರಿಸಿದರು. ನಗೆಯನ್ನು ತಂಬಿಗೆಯಲ್ಲಿ ಇನ್ನೊಮ್ಮೆ ನೋಡಿಕೊಂಡರು.

ಮರುದಿನ ಮೇಮ್‌ಸಾಹೇಬರು ಬಂದು ಕುರ್ಚಿಯಲ್ಲಿ ಕೂತಾಗ ಕೋಣೆಯಲ್ಲಿ ಮನೆಯಲ್ಲಿ ಕೂಸಿಲ್ಲದ ಕೆಲವೇ ಹುಡುಗಿಯರಿದ್ದರು. ಜಯದೇವಿ ಅವರಲ್ಲೊಬ್ಬಳು. ಚಾಪೆಗಳು ಹೋದ ಸಲದಂತೆಯೇ ಖಾಲಿ ಬಿದ್ದಿದ್ದವು. ಸೂಗಮ್ಮನವರು ಖಾಲಿ ಚಾಪೆಗಳ ಮುಂದೆ ನಿಂತು ನಗುತ್ತಿದ್ದರು. ಪಾಠ ಹೇಳುವಾಗಲೂ ನಗು, ಪ್ರಶ್ನೆಗೆ ಉತ್ತರ ಹೇಳುವಾಗಲೂ ನಗು. ಮೇಮ್‌ಸಾಹೇಬರು ಪೆನ್ಸಿಲ್ ಕೈಗೆತ್ತಿಕೊಂಡರು. ಆ ಪೆನ್ಸಿಲನ್ನು ಕಂಡೂ ಸೂಗಮ್ಮನವರು ನಗೆಯನ್ನು ಇಳಿಸಲಿಲ್ಲ, ಇಳಿಸಲು ಧೈರ್ಯವಾಗಲಿಲ್ಲ. ಕಣ್ಣು ಮಾತ್ರ ತೊಲೆಯ ಮೇಲಿನ ಹಗ್ಗದ ಗುರುತುಗಳ ಕಡೆ ಹೋಗಿ ಬರುತ್ತಿತ್ತು.

ಆಗ ಬಾಗಿಲಿಗೆ ಪುತಳಾಬಾಯಿ ಬಂದು ನಿಂತಳು. ಬಾಳೆತೋಟದ ಕೂಲಿಯವಳು, ಅವಳ ಮಗಳೂ ಆ ಶಾಲೆಯಲ್ಲಿ ಓದುತ್ತಿದ್ದಳು. ಸೊಂಟದ ಮೇಲಿದ್ದ ಕೂಸು ಅತ್ತು ಅತ್ತು ಕೆಂಪಗಾಗಿತ್ತು. ಅವಳ ಹಿಂದೆ ಅಂಥವೇ ಕೂಸುಗಳನ್ನೆತ್ತಿಕೊಂಡ ಇನ್ನೂ ಹಲವು ಹೆಂಗಸರು, ಹುಡುಗಿಯರು.

“ಬಾಯೀರ, ಇದನ್ನ ಮಲಗಿಸಿ ಕೊಡ್ರಿ” ಎಂದಳು ಪುತಳಾಬಾಯಿ, ಕುರ್ಚಿಯ ಮೇಲಿದ್ದವರ ಕಡೆ ನೋಡದೆ. “ಮುಂಜಾನಿಂದ ಮನಿಯಾಗ ಮಲಗವಲ್ದು. ನಿಮ್ಮ ಮಗ್ಗಿ ಬೇಕಂತದ. ನನಗ ಬರಂಗಿಲ್ಲ ಅದು, ಹಾಡು ಹಾಡಿದ್ರ ಇನ್ನೂ ಅಳ್ತದ. ತೋಟಕ್ಕ ಹೊತ್ತಾಗ್ಲಾಕತ್ತದ.” ಆಮೇಲೆ ಸೂಗಮ್ಮನವರ ಮುಖವನ್ನು ಸರಿಯಾಗಿ ನೋಡಿ ದನಿ ತಗ್ಗಿಸಿದಳು. “ಮತ್ತ ನೀವು ಯಾಕ ಹಿಂಗ ನಗಾಕತ್ತೀರಿ? ಮೊದಲಿನಂಗ ಗಂಟು ಮಾರಿ ಹಾಕ್ಕೊಂಡೇ ಇರ್ರೀ. ಕೂಸುಗೋಳು ಅಂಜ್ತಾವ.”

ಮೇಮ್‌ಸಾಹೇಬರು, ಆ ಹೆಂಗಸು ಏನು ಹೇಳಿದಳು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಬೇರೇನಾದರೂ ಹೇಳುತ್ತಿದ್ದರು. ಊರಿನ ಹೆಂಗಸು ಶಾಲೆಯನ್ನು ಹೊಗಳುತ್ತಿದ್ದಾಳೆ ಎಂದರೆ ಸಾಕಿತ್ತು. ಕೇಳಿ ತಿಳಿಯುವವರು ಅಲ್ಲಿ ಇರಲಿಲ್ಲ. ಸೂಗಮ್ಮನವರು ಕೈಕಟ್ಟಿ ನಿಂತು, ಪಾಠ ಒಪ್ಪಿಸುವಂತೆ, ಪುತಳಾಬಾಯಿಯ ಮಾತನ್ನು ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷಿನಲ್ಲಿ ಹೇಳಿದರು. ಕೂಸು ಮಲಗದ್ದನ್ನು ಹೇಳಿದರು, ಜೋಳಿಗೆಗಳ ವಿಷಯ ಹೇಳಿದರು, ಅದು ಕಾನೂನಿಗೆ ವಿರುದ್ಧವೆಂಬುದನ್ನು ತಾವೇ ಸೇರಿಸಿದರು. ನಗುವ ಮಾತಿಗೆ ಬಂದಾಗ ಅದನ್ನೂ ಬಿಡದೆ ಹೇಳಿದರು. ಹೇಳುತ್ತಿದ್ದ ಹಾಗೆ ಆ ನಗೆ ಮುಖದಿಂದ ತಾನಾಗಿ ಜಾರಿಹೋಯಿತು. ದಣಿದ ಹಳೆಯ ಮುಖ ಮರಳಿ ಬಂತು. ಪುತಳಾಬಾಯಿಯ ಕೂಸು ಆ ಮುಖವನ್ನು ಕಂಡು ಬಿಕ್ಕುವುದನ್ನು ನಿಲ್ಲಿಸಿ ಎರಡೂ ಕೈ ಚಾಚಿತು.

ಸೂಗಮ್ಮನವರು ಅದನ್ನು ಎತ್ತಿಕೊಂಡರು. ಮೂಲೆಯಲ್ಲಿ ಮಡಚಿಟ್ಟ ಸೀರೆಗಳನ್ನು ತರಲು ಜಯದೇವಿಗೆ ಕಣ್ಣಿನಲ್ಲೇ ಹೇಳಿದರು. ಜೋಳಿಗೆಗಳು ಮತ್ತೆ ತೊಲೆಗೇರಿದವು, ಹುಡುಗಿಯರು ಚಾಪೆ ತುಂಬಿದರು, ಎರಡರ ಮಗ್ಗಿ ಶುರುವಾಯಿತು. ಐದರ ಮಗ್ಗಿಯ ಹೊತ್ತಿಗೆ ಮೇಮ್‌ಸಾಹೇಬರು ಕುರ್ಚಿಯಿಂದೆದ್ದು, ಒಂದೊಂದು ಜೋಳಿಗೆಯನ್ನೂ ಬೆರಳಿನಿಂದ ಸ್ವಲ್ಪವೇ ಸರಿಸಿ ಒಳಗೆ ಇಣುಕುತ್ತ, ಕೋಣೆಯ ಆ ತುದಿಯವರೆಗೆ ತುದಿಗಾಲಲ್ಲಿ ನಡೆದುಹೋದರು.

ಇಷ್ಟಾದ ಮೇಲೆ ಎಲ್ಲವೂ ಸರಿಹೋಯಿತೆಂದು ಬರೆಯುವ ಆಸೆಯಾಗುತ್ತದೆ. ಆಗಲಿಲ್ಲ. ಶಾಲೆ ಉಳಿಯಿತು, ಅದು ನಿಜ. ಆದರೆ ಜೋಳಿಗೆಗಳಿಗೆ ಕಾನೂನಿನಲ್ಲಿ ಜಾಗ ಸಿಗಲಿಲ್ಲ. ಅವುಗಳ ಸಲುವಾಗಿ ಇಲಾಖೆಯಿಂದ ಆಗಾಗ ಕಾಗದ ಬರುತ್ತಲೇ ಇತ್ತು, ಸೂಗಮ್ಮನವರು ಉತ್ತರ ಬರೆಯುತ್ತಲೇ ಇದ್ದರು. ಶಿಕ್ಷಕಿಯ ರೀತಿ ನೀರಸವೆಂದು ಮೊದಲ ತನಿಖೆಯಲ್ಲಿ ಬರೆದಿದ್ದ ಅಭಿಪ್ರಾಯವನ್ನು ಯಾರೂ ತಿದ್ದಲಿಲ್ಲ. ಅವರು ಕಾಯಂ ಆದದ್ದು ತಲೆ ಪೂರಾ ನರೆತ ಮೇಲೆ, ಕಲಬುರಗಿಗೆ ಮರಳಿದ್ದು ಅದರ ನಂತರ.

ಕಲಬುರಗಿಯಲ್ಲಿ ಮೇಲಿನ ತರಗತಿಗೆ ಇಂಗ್ಲಿಷ್ ಹೇಳುವಾಗ ಆ ‘ವಿನ್‌ಸಮ್’ ಶಬ್ದ ಪಾಠದಲ್ಲಿ ಬಂದರೆ, ಅವರು ಸಮಾನಾರ್ಥಗಳನ್ನು ನೂರಜಹಾನ್ ಬೇಗಂ ಹಂಚಿದ ಹಾಗೆಯೇ ಹಂಚುತ್ತಿದ್ದರೆಂದು ಅವರ ವಿದ್ಯಾರ್ಥಿನಿಯರು ಹೇಳುತ್ತಾರೆ: ಇದು ಹಾಡುವವರಿಗೆ, ಇದು ಬಳೆಗಾರರಿಗೆ, ಇದು ಅಂಗಡಿಯ ಸೀರೆಗೆ. ಕೊನೆಯದಕ್ಕೆ ಬಂದಾಗ ಮಾತ್ರ ಸ್ವಲ್ಪ ನಿಧಾನಿಸಿ, “ಇದನ್ನ ಒಬ್ಬರಿಗಿ ನೀವು ಕೊಡಬಹುದು. ಒಬ್ಬರ ಕಡಿಂದ ಕೇಳಬಾರದು” ಎನ್ನುತ್ತಿದ್ದರಂತೆ. ಆ ಹೆಣ್ಣುಮಕ್ಕಳಿಗೆ ಅದು ಅರ್ಥವಾಯಿತೋ ಇಲ್ಲವೋ. ಈಗ ಅವರಲ್ಲಿ ಹಲವರು ಸೊಸೆಯಂದಿರಾಗಿದ್ದಾರೆ, ಅರ್ಥವಾಗಿರಬೇಕು.

ಸೂಗಮ್ಮನವರ ಉಪಕಾರಗಳನ್ನು ಎಣಿಸುವುದು ಅವರಿಗೆ ಇಷ್ಟವಾಗುವ ಸಂಗತಿಯಲ್ಲ. ಆದರೆ ಅವುಗಳಲ್ಲಿ ಒಂದು ಇಲ್ಲದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಮದುವೆಯಾಗಿ ಶಾಲೆ ಬಿಟ್ಟ ಹುಡುಗಿಯರ ಅತ್ತೆಮನೆಗಳಿಗೆ ಅವರು ಹಬ್ಬದ ಬಿಡುವಿನಲ್ಲಿ ಹೋಗುತ್ತಿದ್ದರು. ಕೂತು ನೀರು ಕುಡಿದು, ಚೀಲದಿಂದ ಯಾವುದೋ ಕಾಗದ ತೆಗೆದು, “ಚಾಳೀಸ ಮರತು ಬಂದೀನಿ, ನಿಮ್ಮ ಸೊಸಿ ಒಂದೀಟು ಓದಿ ಹೇಳ್ಲಿ” ಎಂದು ಅತ್ತೆಯ ಮುಂದೆ ಇಡುತ್ತಿದ್ದರು. ವಯಸ್ಸಾದ ಉಸ್ತಾನಿಗೆ ಇಲ್ಲವೆನ್ನಲು ಯಾವ ಅತ್ತೆಗೂ ಬಾಯಿ ಬರುತ್ತಿರಲಿಲ್ಲ. ಕನ್ನಡಕ ಸೆರಗಿನ ಮರೆಯಲ್ಲಿ ಇರುತ್ತಿತ್ತು. ಜಯದೇವಿ ಅದರ ಕಡ್ಡಿಯನ್ನು ಕಂಡಿದ್ದಾಳೆ. ಹೀಗೆ ವರ್ಷಕ್ಕೊಂದೆರಡು ಸಲ ಅತ್ತೆಯೆದುರೇ ಗಟ್ಟಿಯಾಗಿ ಓದಿದ್ದರಿಂದ, ಕಲಿತ ಅಕ್ಷರ ಮರೆತುಹೋಗದೆ ಉಳಿಯಿತು. ಕೊನೆಗೆ ಜಯದೇವಿಯ ಅತ್ತೆಯೇ, “ಬಾಯೀರು ಬರೋತನಕ ಯಾಕ ಕಾಯ್ತಿ, ನನಗೂ ಓದಿ ಹೇಳು” ಎಂದರು.

ಈ ಅಭಿನಂದನ ಸಂಪುಟ ಅಚ್ಚಿಗೆ ಹೋಗುವ ಮೊದಲು ಕಮಲಾಪುರದವರು ಅದೇ ಕೋಣೆಯಲ್ಲಿ ಒಂದು ಸಣ್ಣ ಸನ್ಮಾನ ಇಟ್ಟುಕೊಂಡಿದ್ದರು. ಇಂಗ್ಲಿಷಿನಲ್ಲೊಂದು ಮಾನಪತ್ರವಿರಬೇಕೆಂದು ನೂರಜಹಾನ್ ಬೇಗಂ ಬರೆದು ತಂದಿದ್ದರು. ಸಭೆಗೆ ಮುಂಚೆ ಸೂಗಮ್ಮನವರು ಅದನ್ನು ಕೇಳಿ ಪಡೆದು, ಹಳೆಯ ಅಭ್ಯಾಸದಂತೆ ತಪ್ಪು ಹುಡುಕುತ್ತ ಓದಿದರು. ಮೇಮ್‌ಸಾಹೇಬರ ಆ ಹಳೆಯ ಶಬ್ದದ ಮೇಲೆ ಬೆರಳು ನಿಂತಿತು.

“ಇದನ್ನ ಯಾಕ ಬರದಿ?”

“ಖರೇನೇ ಬರದೀನಿ.”

“ತೆಗಿ ಅದನ್ನ. ದಣದಾಳ ಅಂತ ಬರಿ, ಅದು ಖರೇ ಅದ. ನಾ ಎಚ್ಚರ ಇರೋತನಕ ಈ ಶಬ್ದ ನನ್ನ ಮ್ಯಾಲ ಹಾಕಬ್ಯಾಡ, ನೂರಜಹಾನ್. ಒಮ್ಮಿ ಹೊತ್ತೀನಿ, ಸಾಕಾಗ್ಯಾದ.”

ನೂರಜಹಾನ್ ಬೇಗಂ ಆ ಶಬ್ದದ ಮೇಲೆ ಗೆರೆ ಎಳೆದರು.

ಸಭೆ ಶುರುವಾಯಿತು. ಮಾಲೆ ಬಿತ್ತು. ಜಗದೇವಪ್ಪ ಸಾಹುಕಾರರು ಸಾವಕಾಶವಾಗಿ ಮಾತನಾಡಿದರು. ಆಮೇಲೆ ಶಾಲೆಯ ಹುಡುಗಿಯರನ್ನು ಏನಾದರೂ ಹೇಳಲು ಕರೆದಾಗ, ಅವರಿಗೆ ಎಲ್ಲರಿಗೂ ಒಟ್ಟಿಗೆ ಬರುತ್ತಿದ್ದದ್ದು ಮಗ್ಗಿ, ಅದನ್ನೇ ಹೇಳತೊಡಗಿದರು. ಎರಡರದು ಮುಗಿದು ಮೂರರದಾಯಿತು. ನಾಲ್ಕರ ನಡುವೆ ಸೂಗಮ್ಮನವರ ತಲೆ ಕುರ್ಚಿಯ ಬೆನ್ನಿಗೆ ಮೆಲ್ಲನೆ ವಾಲಿತು. ಐದರ ಮಗ್ಗಿ ಮುಗಿಯುವ ಹೊತ್ತಿಗೆ ಅವರು ಮಾಲೆಯ ಸಮೇತ ನಿದ್ದೆ ಹೋಗಿದ್ದರು. ಬಿಗಿದ ಹುಬ್ಬು ಸಡಿಲಾಗಿತ್ತು, ಬಾಯಿ ತುಸು ತೆರೆದಿತ್ತು. ಹುಡುಗಿಯರು ಗಾಬರಿಯಿಂದ ನಿಲ್ಲಿಸಲು ಹೋದಾಗ ಮುಂದಿನ ಸಾಲಿನಲ್ಲಿದ್ದ ಪುತಳಾಬಾಯಿ, ನಿಲ್ಲಿಸಬೇಡಿರೆಂದು ಕೈಯಾಡಿಸಿದಳು. ಅವರು ಆರರ ಮಗ್ಗಿಗೆ ಹೋದರು, ಸ್ವಲ್ಪ ದನಿ ತಗ್ಗಿಸಿ.

ನೂರಜಹಾನ್ ಬೇಗಂ ಬಹಳ ಹೊತ್ತು ಗೆಳತಿಯ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಮಾನಪತ್ರವನ್ನೂ ಪೆನ್ಸಿಲನ್ನೂ ಜಯದೇವಿಯ ಕೈಗಿಟ್ಟು, “ಈಗ ಬರಿ” ಎಂದು ಪಿಸುಗುಟ್ಟಿದರು.

ಬರೆದದ್ದಾಗಿದೆ. ಪೂಜ್ಯ ಸೂಗಮ್ಮನವರು ನೂರು ಕಾಲ ಬಾಳಲಿ. ಇನ್ನೂ ಅನೇಕ ಮನೆಗಳ ಕಟ್ಟೆಯ ಮೇಲೆ ಚಾಳೀಸ ಮರೆತು ಕೂಡಲಿ. ಅವರು ಓದಿಸಬೇಕಾದ ಸೊಸೆಯಂದಿರು ಈ ಸೀಮೆಯಲ್ಲಿ ಇನ್ನೂ ಬಹಳ ಇದ್ದಾರೆ. ಮಧ್ಯಾಹ್ನದ ನಿದ್ದೆ ಮಾತ್ರ ಅವರದೇ ಆಗಿರಲಿ. ಮಗ್ಗಿ ಹೇಳಲು ನಾವಿದ್ದೇವೆ.